ಸಹಿಯ ಮೇಲೊಂದು ಸಹಿ: ಹೊರದೇಶಕ್ಕೆ ಹೋಗುವ ವ್ಯಾಪಾರ ದಾಖಲೆಗಳ ದೃಢೀಕರಣ

ಬೆಳಗಾವಿಯ ಉದ್ಯಮಬಾಗದಲ್ಲಿ ಪಂಪಿನ ಬಿಡಿಭಾಗಗಳನ್ನು ಎರಕ ಹೊಯ್ಯುವ ಒಂದು ಸಣ್ಣ ಕಾರ್ಖಾನೆಗೆ ಕೊಲ್ಲಿ ರಾಷ್ಟ್ರವೊಂದರ ವಿತರಕನಿಂದ ವಿಚಾರಣೆ ಬಂದಿದೆಯೆಂದು ಭಾವಿಸಬಹುದು. ಮಾದರಿ ಒಪ್ಪಿಗೆಯಾಗಿದೆ, ದರ ಕುದುರಿದೆ, ಟೆಂಡರಿನ ಕೊನೆಯ ದಿನಕ್ಕೆ ಇನ್ನೂ ನಾಲ್ಕು ವಾರಗಳಿವೆ. ಆಗ ಬಂದ ಪತ್ರದ ಅಡಿಯಲ್ಲಿ ಒಂದು ಸಾಲು ಮಾತ್ರ ಹೆಚ್ಚಿಗೆ ಇರುತ್ತದೆ: ಕಂಪನಿಯ ನೋಂದಣಿ ಪತ್ರ, ವಿತರಕನ ಹೆಸರಿನ ಅಧಿಕಾರ ಪತ್ರ, ಕಳೆದ ವರ್ಷದ ಲೆಕ್ಕಪರಿಶೋಧಿತ ಅಢಾವೆ ಪತ್ರಿಕೆ ಇವುಗಳನ್ನು ಯಥಾವಿಧಿ ದೃಢೀಕರಿಸಿ ಕಳುಹಿಸತಕ್ಕದ್ದು. ಯಾರಿಂದ ದೃಢೀಕರಣ, ಯಾವ ಕ್ರಮದಲ್ಲಿ, ಎಷ್ಟು ಪ್ರತಿ ಎಂಬುದು ಆ ಸಾಲಿನಲ್ಲಿಲ್ಲ. ಮಾಲೀಕ ಮೊದಲು ನೋಟರಿಯ ಬಳಿಗೆ ಹೋಗುತ್ತಾನೆ. ನೋಟರಿಯ ಮುದ್ರೆ ಸಾಲದೆಂದು ಯಾರೋ ಹೇಳಿದ ಮೇಲೆ ವಾಣಿಜ್ಯ ಮಂಡಳಿಗೆ, ಅಲ್ಲಿಂದ ಬೆಂಗಳೂರಿಗೆ, ಕೊನೆಗೆ ದೆಹಲಿಯ ರಾಯಭಾರ ಕಚೇರಿಗೆ ಕಾಗದ ಪ್ರಯಾಣ ಮಾಡುತ್ತದೆ. ಅಲ್ಲಿ ಅಧಿಕಾರ ಪತ್ರದ ಎರಡನೆಯ ಪುಟದಲ್ಲಿ ಸಹಿಯಿಲ್ಲವೆಂದು ಹಿಂದಿರುಗುತ್ತದೆ. ಅಷ್ಟರಲ್ಲಿ ಟೆಂಡರು ಮುಗಿದಿರುತ್ತದೆ. ಸರಕಿನ ಗುಣದಲ್ಲಾಗಲಿ ದರದಲ್ಲಾಗಲಿ ಸೋಲದ ಉದ್ದಿಮೆ ಮುದ್ರೆಯಲ್ಲಿ ಸೋಲುತ್ತದೆ.

ಇಂತಹ ಸೋಲಿಗೆ ಸರ್ಕಾರವನ್ನು ದೂರುವುದು ವ್ಯಾಪಾರಿ ವಲಯದಲ್ಲಿ ರೂಢಿ. ದೂರಿನಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದರೆ ಮುಕ್ಕಾಲು ಪಾಲು ತೊಂದರೆ ಹುಟ್ಟುವುದು ಮೇಲೆ ಹೇಳಿದ ಆ ಒಂದು ಸಾಲನ್ನು ಪ್ರಶ್ನಿಸದೆ ಒಪ್ಪಿಕೊಳ್ಳುವುದರಿಂದ. ಉಳಿದ ಕಾಲು ಪಾಲಿನಲ್ಲಿ ವಾಣಿಜ್ಯ ಮಂಡಳಿಗಳ ಹೊಣೆಯೂ ಸೇರಿದೆ ಎಂಬುದನ್ನು ಮಂಡಳಿಯ ಪತ್ರಿಕೆಯಲ್ಲಿಯೇ ಹೇಳುವುದು ಲೇಸು.

ದೃಢೀಕರಣವೆಂದರೇನು? ಒಂದು ದೇಶದ ಅಧಿಕಾರಿಯ ಸಹಿಯನ್ನು ಇನ್ನೊಂದು ದೇಶದ ಅಧಿಕಾರಿ ಗುರುತಿಸಲಾರ. ಆದ್ದರಿಂದ ಅವನಿಗೆ ಗುರುತಿರುವ ಸಹಿಯೊಂದು ಸಿಗುವವರೆಗೆ ಸಹಿಯ ಮೇಲೆ ಸಹಿ ಹಾಕಿಸುತ್ತ ಹೋಗಬೇಕು. ನೋಟರಿಯ ಸಹಿಯನ್ನು ರಾಜ್ಯದ ಗೃಹ ಇಲಾಖೆ ಅಥವಾ ಉಪವಿಭಾಗೀಯ ದಂಡಾಧಿಕಾರಿ, ಅವರ ಸಹಿಯನ್ನು ವಿದೇಶಾಂಗ ಸಚಿವಾಲಯ, ಸಚಿವಾಲಯದ ಸಹಿಯನ್ನು ಹೊರದೇಶದ ರಾಯಭಾರ ಕಚೇರಿ, ರಾಯಭಾರ ಕಚೇರಿಯ ಸಹಿಯನ್ನು ಆ ದೇಶದ ವಿದೇಶಾಂಗ ಸಚಿವಾಲಯ ಪ್ರಮಾಣೀಕರಿಸುತ್ತದೆ. ವಾಣಿಜ್ಯ ದಾಖಲೆಗಳಲ್ಲಿ ರಾಜ್ಯದ ಇಲಾಖೆಯ ಸ್ಥಾನದಲ್ಲಿ ವಾಣಿಜ್ಯ ಮಂಡಳಿ ನಿಲ್ಲುತ್ತದೆ. ಈ ಉದ್ದನೆಯ ಸರಪಳಿಯನ್ನು ಒಂದೇ ಕೊಂಡಿಗೆ ಇಳಿಸಲೆಂದು 1961ರ ಅಕ್ಟೋಬರ್ 5ರಂದು ಹೇಗ್ ನಗರದಲ್ಲಿ ಒಡಂಬಡಿಕೆಯೊಂದು ಏರ್ಪಟ್ಟಿತು. ಅದರ ಪ್ರಕಾರ ದಾಖಲೆ ಹುಟ್ಟಿದ ದೇಶದ ಗೊತ್ತುಪಡಿಸಿದ ಪ್ರಾಧಿಕಾರ ನೀಡುವ ಅಪೊಸ್ಟಿಲ್ ಎಂಬ ಪ್ರಮಾಣಪತ್ರವೊಂದಿದ್ದರೆ ಸಾಕು. ಅದರ ಮೇಲಿನ ಸಹಿ ಮತ್ತು ಮುದ್ರೆಗೆ ಮತ್ತೊಂದು ದೃಢೀಕರಣ ಬೇಡ. ಬದಿಗೆ ಕನಿಷ್ಠ 9 ಸೆಂಟಿಮೀಟರಿನ ಚೌಕ, ಒಳಗೆ ಸಂಖ್ಯೆ ಹಾಕಿದ ಹತ್ತು ನಮೂದುಗಳು, ಮೇಲೆ ಫ್ರೆಂಚ್ ಭಾಷೆಯ ತಲೆಬರಹ. ಮಾದರಿ ಎಲ್ಲ ದೇಶಗಳಿಗೂ ಒಂದೇ. ಇಂದು 125ಕ್ಕೂ ಹೆಚ್ಚು ರಾಷ್ಟ್ರಗಳು ಈ ಒಡಂಬಡಿಕೆಯಲ್ಲಿವೆ. ಭಾರತ 2004ರ ಅಕ್ಟೋಬರ್‌ನಲ್ಲಿ ಸೇರಿತು. 2005ರ ಜುಲೈ 14ರಿಂದ ಅದು ನಮ್ಮ ದೇಶಕ್ಕೆ ಜಾರಿಗೆ ಬಂದಿತು.

ಇಲ್ಲಿ ಬಹುಜನರಲ್ಲಿ ಬೇರೂರಿದ ಒಂದು ತಪ್ಪು ತಿಳಿವಳಿಕೆಯನ್ನು ಹೇಳಲೇಬೇಕು. ಅಪೊಸ್ಟಿಲ್ ದಾಖಲೆಯಲ್ಲಿ ಬರೆದ ವಿಷಯ ನಿಜವೆಂದು ಹೇಳುವುದಿಲ್ಲ. ಸಹಿ ನೈಜವಾದುದು, ಸಹಿ ಹಾಕಿದವರು ಇಂತಹ ಅಧಿಕಾರದಲ್ಲಿದ್ದರು, ಮುದ್ರೆ ಆ ಕಚೇರಿಯದು ಎಂಬ ಮೂರು ಸಂಗತಿಗಳನ್ನಷ್ಟೇ ಅದು ಹೇಳುತ್ತದೆ. ಸುಳ್ಳು ವಹಿವಾಟನ್ನು ತೋರಿಸಿದ ಪ್ರಮಾಣಪತ್ರಕ್ಕೂ ನೋಟರಿಯ ಸಹಿ ನೈಜವಾಗಿದ್ದರೆ ಅಪೊಸ್ಟಿಲ್ ದೊರೆಯಬಹುದು. ಹೊರದೇಶದ ಖರೀದಿದಾರ ಅದನ್ನು ಭಾರತ ಸರ್ಕಾರದ ಭರವಸೆಯೆಂದು ಓದಿಕೊಂಡರೆ ತಪ್ಪು ಅವನದು. ಆದರೆ ಮೋಸ ಬಯಲಾದಾಗ ಹೆಸರು ಕೆಡುವುದು ಇಡೀ ನಾಡಿನ ರಫ್ತುದಾರರದು.

ಇನ್ನೊಂದು ತೊಡಕು ಒಡಂಬಡಿಕೆಯ ಮೊದಲನೆಯ ವಿಧಿಯಲ್ಲಿಯೇ ಇದೆ. ವಾಣಿಜ್ಯ ಅಥವಾ ಸುಂಕದ ವ್ಯವಹಾರಗಳಿಗೆ ನೇರವಾಗಿ ಸಂಬಂಧಿಸಿದ ಆಡಳಿತಾತ್ಮಕ ದಾಖಲೆಗಳಿಗೆ ಅದು ಅನ್ವಯಿಸುವುದಿಲ್ಲ. 1961ರಲ್ಲಿ ಇಂತಹ ಕಾಗದಗಳಿಗೆ ಬಹಳಷ್ಟು ದೇಶಗಳಲ್ಲಿ ದೃಢೀಕರಣದ ಕಟ್ಟುಪಾಡೇ ಇರಲಿಲ್ಲವಾದ್ದರಿಂದ ಅವನ್ನು ಹೊರಗಿಟ್ಟುದು ಉಪಕಾರವೆಂದೇ ಆಗ ತೋರಿತ್ತು. ಆ ಹೊರಗಿಡುವಿಕೆಯನ್ನು ಆದಷ್ಟು ಸಂಕುಚಿತವಾಗಿ ಅರ್ಥೈಸಬೇಕೆಂದು ಹೇಗ್ ಸಮ್ಮೇಳನ ಹೇಳುತ್ತ ಬಂದಿದೆ. ಆದರೂ ಆಚರಣೆ ದೇಶದಿಂದ ದೇಶಕ್ಕೆ ಬೇರೆಯಾಗಿದೆ. ಆದ್ದರಿಂದ ನೋಂದಣಿ ಪತ್ರ, ಅಧಿಕಾರ ಪತ್ರಗಳಿಗೆ ಅಪೊಸ್ಟಿಲ್ ಒಪ್ಪುವ ದೇಶವೇ ಇನ್‌ವಾಯ್ಸ್ ಮತ್ತು ಮೂಲ ಪ್ರಮಾಣಪತ್ರಕ್ಕೆ ವಾಣಿಜ್ಯ ಮಂಡಳಿಯ ಮುದ್ರೆಯನ್ನು ಕೇಳಬಹುದು. ಎರಡನ್ನೂ ಒಂದೇ ಕಂತೆಯಲ್ಲಿ ಕಟ್ಟಿ ಏಜೆಂಟನ ಕೈಗೆ ಕೊಡುವ ಪದ್ಧತಿ ಸರಿಯಲ್ಲ.

ದೇಶ ಯಾವುದೆಂಬುದರ ಮೇಲೆ ದಾರಿ ಬದಲಾಗುತ್ತದೆ. ಒಮಾನ್ 2012ರಿಂದ, ಬಹರೈನ್ 2013ರ ಕೊನೆಯಿಂದ, ಸೌದಿ ಅರೇಬಿಯಾ 2022ರ ಡಿಸೆಂಬರ್ 7ರಿಂದ ಒಡಂಬಡಿಕೆಯ ವ್ಯಾಪ್ತಿಗೆ ಬಂದಿವೆ. ಕೆನಡಾ 2024ರ ಜನವರಿ 11ರಿಂದ ಸೇರಿದೆ. ಆದರೂ ಸೌದಿಗೆ ಹೋಗುವ ಕಾಗದಗಳನ್ನು ಹಳೆಯ ರೂಢಿಯಂತೆ ರಾಯಭಾರ ಕಚೇರಿಗೆ ಕಳುಹಿಸಬೇಕೆಂದು ಹೇಳುವ ಮಧ್ಯವರ್ತಿಗಳು, ಅದನ್ನು ನಂಬುವ ಗ್ರಾಹಕರು ಇನ್ನೂ ಇದ್ದಾರೆ. ಸಂಯುಕ್ತ ಅರಬ್ ಎಮಿರೇಟ್ಸ್, ಕುವೈತ್, ಕತಾರ್‌ಗಳ ವ್ಯವಹಾರದಲ್ಲಿ ರಾಯಭಾರ ಕಚೇರಿಯ ದಾರಿ ಅನಿವಾರ್ಯವೆಂದೇ ರಫ್ತುದಾರರು ಲೆಕ್ಕ ಹಾಕುತ್ತ ಬಂದಿದ್ದಾರೆ. ಎಮಿರೇಟ್ಸ್ 2023ರ ಫೆಬ್ರವರಿಯಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, 10,000 ದಿರ್ಹಮ್ ಅಥವಾ ಅದಕ್ಕೂ ಹೆಚ್ಚಿನ ಮೌಲ್ಯದ ಆಮದು ಇನ್‌ವಾಯ್ಸ್‌ಗಳಿಗೆ ತನ್ನ ವಿದೇಶಾಂಗ ಸಚಿವಾಲಯದ ಆನ್‌ಲೈನ್ ದೃಢೀಕರಣವನ್ನು, ಇನ್‌ವಾಯ್ಸ್ ಒಂದಕ್ಕೆ 150 ದಿರ್ಹಮ್ ಶುಲ್ಕದೊಡನೆ, ಜಾರಿಗೆ ತಂದಿತು. ಶುಲ್ಕ ಕಟ್ಟುವವನು ಆಮದುದಾರನೇ ಆದರೂ, ಸಣ್ಣ ಸಣ್ಣ ಇನ್‌ವಾಯ್ಸ್‌ಗಳಲ್ಲಿ ಸರಕು ಕಳುಹಿಸುವ ಇಲ್ಲಿನ ವ್ಯಾಪಾರಿ ಆ ಹೊರೆಯನ್ನು ದರದ ಚೌಕಾಸಿಯಲ್ಲಿ ಹೊರಬೇಕಾಗುತ್ತದೆ.

ಎರಡು ದೇಶಗಳೂ ಒಡಂಬಡಿಕೆಯಲ್ಲಿವೆ ಎಂದ ಮಾತ್ರಕ್ಕೆ ನಿಶ್ಚಿಂತೆಯಿಂದಿರಲಾಗದು. ಹೊಸದಾಗಿ ಸೇರುವ ದೇಶದ ಬಗ್ಗೆ ಹಳೆಯ ಸದಸ್ಯರು ಆಕ್ಷೇಪ ಸಲ್ಲಿಸಿದರೆ ಆ ಇಬ್ಬರ ನಡುವೆ ಅದು ಜಾರಿಯಾಗುವುದಿಲ್ಲ. ಭಾರತ ಸೇರಿದಾಗ ಜರ್ಮನಿ ಸೇರಿದಂತೆ ಕೆಲವು ಐರೋಪ್ಯ ರಾಷ್ಟ್ರಗಳು ಆಕ್ಷೇಪಿಸಿದ್ದವು. ಅವುಗಳಲ್ಲಿ ನೆದರ್‌ಲೆಂಡ್ಸ್‌ನಂತಹವು ಮುಂದೆ ಹಿಂತೆಗೆದುಕೊಂಡವು. ಚೀನಾ 2023ರ ನವೆಂಬರ್ 7ರಿಂದ ಒಡಂಬಡಿಕೆಗೆ ಒಳಪಟ್ಟಾಗ ಭಾರತ ಆಕ್ಷೇಪ ಎತ್ತಿತು. ಚೀನಾದ ಯಂತ್ರ ತಯಾರಕನೊಡನೆ ಒಪ್ಪಂದ ಮಾಡಿಕೊಳ್ಳುವ ಪೀಣ್ಯದ ಉದ್ಯಮಿ ಪತ್ರಿಕೆಗಳಲ್ಲಿ ಚೀನಾ ಸೇರ್ಪಡೆಯ ಸುದ್ದಿಯನ್ನಷ್ಟೇ ಓದಿ ಅಪೊಸ್ಟಿಲ್ ಹಚ್ಚಿಸಿದರೆ ಹಣವೂ ದಿನವೂ ವ್ಯರ್ಥ. ಹೇಗ್ ಸಮ್ಮೇಳನದ ಜಾಲತಾಣದಲ್ಲಿರುವ ಸದಸ್ಯ ರಾಷ್ಟ್ರಗಳ ಪಟ್ಟಿಯಲ್ಲಿ ಆಕ್ಷೇಪಗಳ ವಿವರವೂ ಇರುತ್ತದೆ. ಅದನ್ನು ನೋಡಲು ಹತ್ತು ನಿಮಿಷ ಸಾಕು. ಯಾರಿಗೂ ದಲ್ಲಾಳಿ ಕೊಡಬೇಕಿಲ್ಲ.

ದಲ್ಲಾಳಿಯ ಮಾತು ಬಂದುದರಿಂದ ವೆಚ್ಚದ ಬಗ್ಗೆ ಎರಡು ಮಾತು. ಅಪೊಸ್ಟಿಲ್‌ಗೆ ವಿದೇಶಾಂಗ ಸಚಿವಾಲಯ ಗೊತ್ತುಮಾಡಿದ ಶುಲ್ಕ ದಾಖಲೆಯೊಂದಕ್ಕೆ 50 ರೂಪಾಯಿ. ಕಾಗದ ಸ್ವೀಕರಿಸುವ ಅಧಿಕೃತ ಸಂಸ್ಥೆಯ ಸೇವಾ ಶುಲ್ಕ ಪ್ರತ್ಯೇಕ, ಅದೂ ದೊಡ್ಡದಲ್ಲ. ಸಚಿವಾಲಯ 2012ರ ಜುಲೈನಿಂದ ಸಾರ್ವಜನಿಕರಿಂದ ನೇರವಾಗಿ ದಾಖಲೆ ಪಡೆಯುವುದನ್ನು ನಿಲ್ಲಿಸಿ ಈ ಸಂಸ್ಥೆಗಳಿಗೆ ವಹಿಸಿತು. 2019ರ ಜನವರಿಯಿಂದ ಈ ಸೇವೆ ವಿಕೇಂದ್ರೀಕರಣಗೊಂಡು ಬೆಂಗಳೂರಿನಲ್ಲೂ ದೊರೆಯುವಂತಾಯಿತು. ಆದರೂ ದಲ್ಲಾಳಿಗಳು ಒಂದು ಕಾಗದಕ್ಕೆ ಸಾವಿರಗಳಲ್ಲಿ ಕೇಳುವುದು, ತುರ್ತೆಂದರೆ ಅದಕ್ಕೂ ದುಪ್ಪಟ್ಟು ಪಡೆಯುವುದು ನಿಂತಿಲ್ಲ. ಕೆಲವು ರಾಯಭಾರ ಕಚೇರಿಗಳ ಶುಲ್ಕ ನಿಜಕ್ಕೂ ಭಾರಿಯಾದುದು. ಅದರ ರಸೀದಿಯನ್ನು ಕೇಳಿ ಪಡೆಯದ ವ್ಯಾಪಾರಿಗೆ ಯಾವುದು ಶುಲ್ಕ, ಯಾವುದು ದಲ್ಲಾಳಿ ಎಂಬುದು ತಿಳಿಯುವುದೇ ಇಲ್ಲ. ವರ್ಷದ ಕೊನೆಗೆ ಲೆಕ್ಕಪರಿಶೋಧಕರ ಮುಂದೆ ಅದು ಆಧಾರ ಚೀಟಿಯಿಲ್ಲದ ಖರ್ಚಾಗಿ ನಿಲ್ಲುತ್ತದೆ.

ದೃಢೀಕರಣದ ಪೆಟ್ಟು ಅತ್ಯಂತ ಜೋರಾಗಿ ಬೀಳುವುದು ಲೆಟರ್ ಆಫ್ ಕ್ರೆಡಿಟ್ ವ್ಯವಹಾರದಲ್ಲಿ. ಇದನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಅಗತ್ಯ. ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ಯುಸಿಪಿ 600 ನಿಯಮಾವಳಿ 2007ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 14ನೆಯ ವಿಧಿಯಂತೆ ಮೂಲ ಸಾಗಣೆ ದಾಖಲೆಗಳಿರುವ ಕಂತೆಯನ್ನು ಸರಕು ಹಡಗೇರಿದ ದಿನದಿಂದ 21 ದಿನಗಳೊಳಗೆ, ಮತ್ತು ಎಲ್.ಸಿ.ಯ ಅವಧಿ ಮುಗಿಯುವುದರೊಳಗೆ, ಬ್ಯಾಂಕಿಗೆ ಒಪ್ಪಿಸಬೇಕು. ಎಲ್.ಸಿ.ಯೇ ಇನ್ನೂ ಕಡಿಮೆ ದಿನ ಹೇಳಿದ್ದರೆ ಅಷ್ಟೇ ದಿನ. ಇನ್‌ವಾಯ್ಸ್ ಮತ್ತು ಮೂಲ ಪ್ರಮಾಣಪತ್ರಗಳನ್ನು ರಾಯಭಾರ ಕಚೇರಿಯಿಂದ ದೃಢೀಕರಿಸಿರಬೇಕು ಎಂಬ ಷರತ್ತು ಎಲ್.ಸಿ.ಯಲ್ಲಿದ್ದರೆ, ಮಂಗಳೂರಿನಿಂದ ದೆಹಲಿಗೆ ಕಾಗದ ಹೋಗಿ, ಅಲ್ಲಿ ಎರಡು ರಜೆ ಬಂದು, ಹಿಂದಿರುಗುವ ಹೊತ್ತಿಗೆ ಗಡುವು ತೀರಿರುತ್ತದೆ. ಬ್ಯಾಂಕು ದಾಖಲೆಯಲ್ಲಿ ನ್ಯೂನತೆಯಿದೆಯೆಂದು ಹಣ ತಡೆಯುತ್ತದೆ. ಸರಕು ಆಗಲೇ ಆ ಬಂದರಿನಲ್ಲಿದೆ. ನ್ಯೂನತೆಯನ್ನು ಮನ್ನಿಸಲು ಖರೀದಿದಾರ ರಿಯಾಯಿತಿ ಕೇಳುತ್ತಾನೆ. ಕೇಳದಿದ್ದರೆ ಅವನು ವ್ಯಾಪಾರಿಯೇ ಅಲ್ಲ.

ಆದರೆ ಅದೇ ನಿಯಮಾವಳಿಯ 3ನೆಯ ವಿಧಿಯಲ್ಲಿ ರಫ್ತುದಾರನಿಗೆ ಅನುಕೂಲವಾದ ಮಾತೊಂದಿದೆ. ದಾಖಲೆ ದೃಢೀಕೃತವಾಗಿರಬೇಕು, ಪ್ರಮಾಣಿತವಾಗಿರಬೇಕು ಎಂದಷ್ಟೇ ಎಲ್.ಸಿ. ಹೇಳಿದ್ದರೆ, ಆ ಅವಶ್ಯಕತೆಯನ್ನು ಪೂರೈಸಿದಂತೆ ತೋರುವ ಯಾವುದೇ ಸಹಿ, ಗುರುತು, ಮುದ್ರೆ ಅಥವಾ ಚೀಟಿ ದಾಖಲೆಯ ಮೇಲಿದ್ದರೆ ಸಾಕು. ಅಂದರೆ ಯಾರಿಂದ ಎಂದು ಹೆಸರಿಸದ ಷರತ್ತಿಗೆ ಸ್ಥಳೀಯ ವಾಣಿಜ್ಯ ಮಂಡಳಿಯ ಮುದ್ರೆ ಸಾಲುತ್ತದೆ. ಬ್ಯಾಂಕು ಅದಕ್ಕಿಂತ ಹೆಚ್ಚಿನದನ್ನು ಕೇಳುವಂತಿಲ್ಲ. ಅಲ್ಲಿನ ಸುಂಕದ ಕಟ್ಟೆಯಲ್ಲಿ ಬೇರೆ ಏನಾದರೂ ಬೇಕೇ ಎಂಬುದು ಖರೀದಿದಾರನನ್ನು ಕೇಳಿ ತಿಳಿಯಬೇಕಾದ ಪ್ರತ್ಯೇಕ ವಿಷಯ. ಎಲ್.ಸಿ.ಯ ಕರಡು ಬಂದ ದಿನವೇ ಈ ಷರತ್ತನ್ನು ಓದಿ, ರಾಯಭಾರ ಕಚೇರಿಯ ಹೆಸರು ಇದ್ದರೆ ತೆಗೆಸಲು ಅಥವಾ 21 ದಿನಗಳನ್ನು ಹೆಚ್ಚಿಸಲು ತಿದ್ದುಪಡಿ ಕೇಳುವುದು ಜಾಣತನ. ಸರಕು ಹಡಗೇರಿದ ಮೇಲೆ ಕೇಳಿದ ತಿದ್ದುಪಡಿಗೆ ಬೆಲೆ ಬೇರೆಯೇ ಇರುತ್ತದೆ.

ಇನ್ನು ಈ ಸರಪಳಿಯ ಒಂದು ವಿಚಿತ್ರವನ್ನು ನೋಡಬೇಕು. ಇಂದು ಕಂಪನಿಯ ನೋಂದಣಿ ಪತ್ರ ರಿಜಿಸ್ಟ್ರಾರರ ಡಿಜಿಟಲ್ ಸಹಿಯೊಡನೆ ಬರುತ್ತದೆ. ಜಿ.ಎಸ್.ಟಿ. ನೋಂದಣಿ ಪತ್ರವೂ ಹಾಗೆಯೇ. ಯಾವ ದೇಶದಲ್ಲಿ ಕುಳಿತವರೂ ಸಂಬಂಧಪಟ್ಟ ಜಾಲತಾಣದಲ್ಲಿ ಸಂಖ್ಯೆ ಹಾಕಿ ಅವನ್ನು ತಾಳೆ ನೋಡಬಹುದು. ಚಾರ್ಟರ್ಡ್ ಅಕೌಂಟೆಂಟರು ನೀಡುವ ಪ್ರಮಾಣಪತ್ರಗಳಿಗೆ 2019ರ ಫೆಬ್ರವರಿ 1ರಿಂದ, ಅದೇ ವರ್ಷದ ಜುಲೈ 1ರಿಂದ ಲೆಕ್ಕಪರಿಶೋಧನೆಯ ವರದಿಗಳಿಗೂ, ಯುಡಿಐಎನ್ ಎಂಬ ವಿಶಿಷ್ಟ ಗುರುತಿನ ಸಂಖ್ಯೆ ಕಡ್ಡಾಯವಾಗಿದೆ. ಅದರಿಂದ ಪ್ರಮಾಣಪತ್ರವನ್ನು ನಿಜವಾಗಿಯೂ ಆ ಲೆಕ್ಕಪರಿಶೋಧಕರೇ ಕೊಟ್ಟರೆ, ಅದರಲ್ಲಿನ ಮುಖ್ಯ ಅಂಕಿಗಳು ಇವೇ ಏನು ಎಂಬುದನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ. ಆದರೆ ಆಗುತ್ತಿರುವುದೇನು? ಡಿಜಿಟಲ್ ಸಹಿಯ ಪತ್ರವನ್ನು ಮುದ್ರಿಸುತ್ತಾರೆ. ಮುದ್ರಿತ ಪ್ರತಿಯಲ್ಲಿ ಶಾಯಿಯ ಸಹಿಯಿಲ್ಲವಾದ್ದರಿಂದ ನೋಟರಿಯಿಂದ ನಕಲು ಪ್ರತಿಯೆಂದು ಬರೆಸುತ್ತಾರೆ. ಮುಂದಿನ ಎಲ್ಲ ಮುದ್ರೆಗಳೂ ನೋಟರಿಯ ಸಹಿಯನ್ನೇ ಕಾಯುತ್ತವೆ. ಸ್ವತಃ ತನ್ನನ್ನು ರುಜುವಾತುಪಡಿಸಬಲ್ಲ ದಾಖಲೆ ಕೊನೆಗೆ ರುಜುವಾತಿಲ್ಲದ ನಕಲಿನ ಮೇಲೆ ಐದು ಮುದ್ರೆಗಳಾಗಿ ಹೊರದೇಶ ಸೇರುತ್ತದೆ. ವಿದೇಶಾಂಗ ಸಚಿವಾಲಯದ ಇ-ಸನದ್ ವ್ಯವಸ್ಥೆ ದಾಖಲೆಗಳನ್ನು ಆನ್‌ಲೈನಿನಲ್ಲಿಯೇ ಪರಿಶೀಲಿಸಿ ದೃಢೀಕರಿಸಲೆಂದು ಬಂದುದು. ಹೇಗ್ ಸಮ್ಮೇಳನ ವಿದ್ಯುನ್ಮಾನ ಅಪೊಸ್ಟಿಲ್ ಕಾರ್ಯಕ್ರಮವನ್ನು 2006ರಲ್ಲಿಯೇ ಆರಂಭಿಸಿತ್ತು. ಸಣ್ಣ ಉದ್ದಿಮೆಗಳು ಹೆಚ್ಚಾಗಿ ಬಳಸುವ ನಾಲ್ಕಾರು ದಾಖಲೆಗಳಾದರೂ, ಅಂದರೆ ಕಂಪನಿ ನೋಂದಣಿ, ಆಮದು-ರಫ್ತು ಸಂಕೇತ, ಜಿ.ಎಸ್.ಟಿ. ನೋಂದಣಿ, ಮುಕ್ತ ಮಾರಾಟ ಪ್ರಮಾಣಪತ್ರ ಇವು, ನೋಟರಿಯ ಮೆಟ್ಟಿಲು ಹತ್ತದೆ ನೇರವಾಗಿ ವಿದ್ಯುನ್ಮಾನ ಅಪೊಸ್ಟಿಲ್ ಪಡೆಯುವಂತಾಗಬೇಕೆಂಬ ಬೇಡಿಕೆಯನ್ನು ಮಂಡಳಿಗಳು ಒಕ್ಕೊರಲಿನಿಂದ ಮುಂದಿಡುವುದು ನ್ಯಾಯ.

ಹೊರಗಿನಿಂದ ಇಲ್ಲಿಗೆ ಬರುವ ಕಾಗದಗಳಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ವಿದೇಶಿ ಪಾಲುದಾರನೊಡನೆ ಇಲ್ಲಿ ಕಂಪನಿ ಸ್ಥಾಪಿಸುವಾಗ ಅವನ ಸಹಿ ಕಾಮನ್‌ವೆಲ್ತ್ ದೇಶದಲ್ಲಾದರೆ ಅಲ್ಲಿನ ನೋಟರಿಯಿಂದ, ಹೇಗ್ ಒಡಂಬಡಿಕೆಯ ದೇಶದಲ್ಲಾದರೆ ನೋಟರಿ ಮತ್ತು ಅಪೊಸ್ಟಿಲ್‌ಗಳಿಂದ ದೃಢಪಟ್ಟಿರಬೇಕೆಂದು 2014ರ ಕಂಪನಿ ಸ್ಥಾಪನಾ ನಿಯಮಗಳು ಹೇಳುತ್ತವೆ. ಹೊರದೇಶದಲ್ಲಿ ಬರೆದುಕೊಟ್ಟ ಅಧಿಕಾರ ಪತ್ರ ರಾಜ್ಯಕ್ಕೆ ಬಂದ ಮೂರು ತಿಂಗಳೊಳಗೆ 1957ರ ಕರ್ನಾಟಕ ಸ್ಟ್ಯಾಂಪ್ ಕಾಯಿದೆಯಂತೆ ಮುದ್ರಾಂಕ ಶುಲ್ಕ ಕಟ್ಟಬೇಕೆಂಬುದನ್ನು ಅಪೊಸ್ಟಿಲ್‌ನ ಸಂಭ್ರಮದಲ್ಲಿ ಮರೆಯುವವರು ಬಹಳ. ಬಂದ ಲಕೋಟೆಯನ್ನು ದಿನಾಂಕ ಸಮೇತ ಜೋಪಾನವಾಗಿಡುವುದು ಒಳ್ಳೆಯದು.

ಕೊನೆಯದಾಗಿ ಮಂಡಳಿಗಳ ಮುದ್ರೆಯ ವಿಷಯ. ಮೂಲ ಪ್ರಮಾಣಪತ್ರಗಳನ್ನು ವಾಣಿಜ್ಯ ಮಂಡಳಿಗಳು ನೀಡುವ ಪದ್ಧತಿಗೆ 1923ರ ಜಿನೀವಾ ಸುಂಕ ಸರಳೀಕರಣ ಒಡಂಬಡಿಕೆಯಷ್ಟು ಹಳೆಯ ಮಾನ್ಯತೆಯಿದೆ. ಸರ್ಕಾರಗಳು ಖಾಸಗಿ ಸಂಸ್ಥೆಗಳನ್ನು ನಂಬಿ ಕೊಟ್ಟ ಅಪರೂಪದ ಅಧಿಕಾರವದು. ಆ ನಂಬಿಕೆಗೆ ತಕ್ಕಂತೆ ಮುದ್ರೆ ಒತ್ತಲಾಗುತ್ತಿದೆಯೇ? ಸದಸ್ಯತ್ವ ಶುಲ್ಕ ಸಂದಿದೆಯೇ ಎಂದು ನೋಡಿ, ಸಹಿ ಯಾರದೆಂದು ನೋಡದೆ, ಕಂತೆಗೆ ಕಂತೆಯೇ ಮುದ್ರೆ ಒತ್ತಿ ಕೊಡುವ ಕಡೆಗಳುಂಟು. ಏಜೆಂಟನ ಕೈಯಲ್ಲಿ ಸಹಿ ಹಾಕಿದ ಖಾಲಿ ಲೆಟರ್‌ಹೆಡ್‌ಗಳನ್ನು ಬಿಟ್ಟುಬರುವ ಸದಸ್ಯರೂ ಉಂಟು. ಪಾಲುದಾರಿಕೆಯಿಂದ ನಿವೃತ್ತರಾದವರ ಸಹಿ ವರ್ಷಗಟ್ಟಲೆ ಇನ್‌ವಾಯ್ಸ್‌ಗಳ ಮೇಲೆ ಹೋಗುತ್ತಿರುವುದೂ ಉಂಟು. ಇದನ್ನು ಸದಸ್ಯರಿಗೆ ಮಾಡುವ ಸೌಲಭ್ಯವೆಂದು ಕರೆಯುವುದು ತಪ್ಪು. ಒಂದು ಮಂಡಳಿಯ ಮುದ್ರೆಯ ಕೆಳಗೆ ಒಂದು ಸುಳ್ಳು ಕಾಗದ ಹೊರದೇಶದಲ್ಲಿ ಸಿಕ್ಕಿಬಿದ್ದರೆ, ಆ ಮಂಡಳಿಯ ಪ್ರಾಮಾಣಿಕ ಸದಸ್ಯರ ಕಾಗದಗಳೆಲ್ಲ ಅನುಮಾನಕ್ಕೆ ಒಳಗಾಗುತ್ತವೆ. ಅವರಲ್ಲಿ ಹೆಚ್ಚಿನವರು ಬೇರೆ ಮಂಡಳಿಗೆ ಹೋಗಲಾರದ ಸಣ್ಣ ಉದ್ದಿಮೆದಾರರು.

ಆದ್ಯತೇತರ ಮೂಲ ಪ್ರಮಾಣಪತ್ರಗಳ ಅರ್ಜಿ 2025ರ ಜನವರಿ 1ರಿಂದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಆನ್‌ಲೈನ್ ವೇದಿಕೆಯ ಮೂಲಕವೇ ಸಾಗಬೇಕೆಂದಾದ ಮೇಲೆ ಆ ಒಂದು ಕಾಗದದ ಮಟ್ಟಿಗೆ ಶಿಸ್ತು ಬಂದಿದೆ. ಅಧಿಕಾರ ಪತ್ರ, ವಿತರಣಾ ಒಪ್ಪಂದ, ಬೆಲೆಪಟ್ಟಿ, ಅಢಾವೆ ಪತ್ರಿಕೆಗಳ ದೃಢೀಕರಣಕ್ಕೆ ಅಂತಹ ಏರ್ಪಾಡಿಲ್ಲ. ಪ್ರತಿ ಏಪ್ರಿಲ್‌ನಲ್ಲಿ ಸದಸ್ಯರಿಂದ ಅಧಿಕೃತ ಸಹಿದಾರರ ಮಾದರಿ ಸಹಿ ಮತ್ತು ನಿರ್ಣಯದ ಪ್ರತಿಯನ್ನು ಪಡೆದು, ಮುದ್ರೆ ಒತ್ತುವ ಮುನ್ನ ತಾಳೆ ನೋಡಿ, ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಕೊಟ್ಟು ವಹಿಯಲ್ಲಿ ಬರೆದಿಡುವುದು ಯಾವ ಮಂಡಳಿಗೂ ಅಸಾಧ್ಯವಲ್ಲ. ಹೇಗ್ ಒಡಂಬಡಿಕೆಯ 7ನೆಯ ವಿಧಿಯೂ ಅಪೊಸ್ಟಿಲ್ ನೀಡುವವರಿಂದ ಇಂತಹ ವಹಿಯನ್ನೇ ಬಯಸುತ್ತದೆ. ಹೊರದೇಶದ ಬ್ಯಾಂಕೊಂದು ಸಂಖ್ಯೆ ಹೇಳಿ ವಿಚಾರಿಸಿದರೆ ಅದೇ ದಿನ ಉತ್ತರ ಕೊಡುವಂತಿರಬೇಕು.

ಜಿಲ್ಲಾ ಮಟ್ಟದ ಮಂಡಳಿಗಳ ಮಾತು ಇನ್ನೂ ಮುಖ್ಯ. ಮುಂದಿನ ಕೊಂಡಿಯ ಅಧಿಕಾರಿ ತನ್ನ ಬಳಿ ಮಾದರಿ ಸಹಿ ಇರುವವರ ಕಾಗದವನ್ನು ಮಾತ್ರ ಮುಂದಕ್ಕೆ ಕಳುಹಿಸಬಲ್ಲ. ಜಿಲ್ಲೆಯ ಮಂಡಳಿ ತನ್ನ ಪದಾಧಿಕಾರಿಗಳ ಮಾದರಿ ಸಹಿಯನ್ನು ಕಳುಹಿಸಿಲ್ಲವಾದರೆ ಕಲಬುರಗಿಯ ಬೇಳೆ ಗಿರಣಿಯವನು ಒಂದು ಮುದ್ರೆಗಾಗಿ ರಾತ್ರಿಯಿಡೀ ರೈಲಿನಲ್ಲಿ ಬೆಂಗಳೂರಿಗೆ ಬರಬೇಕು. ಕಳುಹಿಸಿದ್ದರೂ ಚುನಾವಣೆ ಮುಗಿದು ಕಾರ್ಯದರ್ಶಿ ಬದಲಾದಾಗ ಹೊಸ ಸಹಿ ಹೋಗಿರುವುದಿಲ್ಲ. ಆ ಊರಿನ ಕಾಗದಗಳು ಹಿಂದಿರುಗತೊಡಗಿದ ಮೇಲಷ್ಟೇ ಅದು ನೆನಪಾಗುತ್ತದೆ. ಹೊಸ ಕಾರ್ಯದರ್ಶಿ ಅಧಿಕಾರ ವಹಿಸಿಕೊಂಡ ದಿನವೇ ಮೂರು ಮಾದರಿ ಸಹಿಗಳನ್ನು ಸಚಿವಾಲಯದ ಶಾಖೆಗೆ, ವ್ಯವಹಾರವಿರುವ ರಾಯಭಾರ ಕಚೇರಿಗಳಿಗೆ ಅಂಚೆಯಲ್ಲಿ ಕಳುಹಿಸಿ ಸ್ವೀಕೃತಿ ಪಡೆದುಕೊಳ್ಳುವುದಕ್ಕೆ ತಗಲುವುದು ಅಂಚೆ ವೆಚ್ಚ ಮಾತ್ರ.